ಪಾರಣೆ ಕೇಳದ ಉಪವಾಸ

ಗಡಹಿಂಗ್ಲಜದ ಹೆಂಗಸರೆಲ್ಲ ಸೇರಿ ಒಮ್ಮೆ ನನ್ನನ್ನು ದೊಡ್ಡ ಧರ್ಮಾತ್ಮಳೆಂದು ಹೊಗಳಿದ್ದರು. ಆಗ ನನಗೆ ಹನ್ನೊಂದು ವರ್ಷ. ಅಷ್ಟು ಹೊಗಳಿಕೆ ಆಮೇಲೆ ಈ ಜನ್ಮದಲ್ಲಿ ಸಿಕ್ಕಿಲ್ಲ, ಇನ್ನು ಸಿಗುವ ಲಕ್ಷಣವೂ ಇಲ್ಲ. ಅದು ಪೂರ್ತಿ ತಪ್ಪು ಹೊಗಳಿಕೆ ಎಂದು ಕಂಡುಹಿಡಿದವಳು ನಮ್ಮ ಆಯಿ ಒಬ್ಬಳೇ. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಅವಳು ಅಪ್ಪನ ತಾಯಿ.

ನಮ್ಮದು ಬೆಲ್ಲ, ಶೇಂಗಾ ವ್ಯಾಪಾರದ ಜೈನರ ಮನೆ. ಮುಂದೆ ಅಂಗಡಿ, ನಡುವೆ ಪಡಸಾಲೆ, ಹಿತ್ತಲಲ್ಲಿ ಬಾವಿ. ಅಪ್ಪ ವಾರಕ್ಕೊಮ್ಮೆ ಕೊಲ್ಹಾಪುರದ ಪೇಟೆಗೆ ಹೋಗಿ ಬರುತ್ತಿದ್ದ. ಶಾಲೆಯಲ್ಲಿ ಮರಾಠಿ, ಅಂಗಡಿಯಲ್ಲಿ ಎರಡೂ, ಅಡುಗೆಮನೆಯಲ್ಲಿ ಕನ್ನಡ. ಇರುವೆ ತುಳಿಯಬೇಡ, ಹೊತ್ತು ಮುಳುಗಿದ ಮೇಲೆ ಉಣ್ಣಬೇಡ, ಸೋಸದ ನೀರು ಕುಡಿಯಬೇಡ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವಳು ನಾನು. ಐದು ವರ್ಷದ ನನ್ನ ತಮ್ಮನೂ ಹಾಗೇ ಬೆಳೆಯುತ್ತಿದ್ದ, ಆದರೆ ಅವನಿಗೆ ಇರುವೆಗಿಂತ ತಿಂಡಿಯ ಡಬ್ಬಿಯ ಮೇಲೆ ಪ್ರೀತಿ ಹೆಚ್ಚು. ಇಡೀ ದಿನ ನನ್ನ ಪರಕರದ ಚುಂಗು ಹಿಡಿದು ತಿರುಗುತ್ತಿದ್ದ. ನಾನು ಬೈಯುತ್ತಿದ್ದೆ, ಆದರೂ ಅವನಿಲ್ಲದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಆ ವರ್ಷ ಶ್ರಾವಣದ ಸುಮಾರಿಗೆ ಅವನಿಗೆ ಜ್ವರ ಬಂತು. ಆಯಿ ಊರಲ್ಲಿರಲಿಲ್ಲ, ಇಚಲಕರಂಜಿಯಲ್ಲಿದ್ದ ಅತ್ತೆಯ ಹೆರಿಗೆಗೆ ಹೋಗಿದ್ದಳು. ವೈದ್ಯರು ನಾಡಿ ನೋಡಿ, ವಿಷಮಜ್ವರ, ಗಂಜಿಯ ತಿಳಿ ಬಿಟ್ಟು ಹೊಟ್ಟೆಗೆ ಏನೂ ಹೋಗಕೂಡದು ಎಂದರು. ಒಂದು ಅಗಳು ಹೋದರೂ ಪ್ರಾಣಕ್ಕೆ ಅಪಾಯ ಎಂದರು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ನನಗೂ ಜ್ವರ ತಗಲೀತೆಂದು ನನ್ನನ್ನು ಓಣಿಯ ಆಚೆ ಗುರುತಿನವರ ಮನೆಯಲ್ಲಿ ಬಿಟ್ಟರು.

ಒಂದು ವಾರ ತಡೆದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿಂದ ನುಸುಳಿ ಮನೆಗೆ ಬಂದೆ. ಅವ್ವ ನಿದ್ದೆಗೆಟ್ಟು ಗೋಡೆಗೊರಗಿ ಕಣ್ಣುಮುಚ್ಚಿದ್ದಳು. ತಮ್ಮ ನನ್ನನ್ನು ಕಂಡವನೇ ನಕ್ಕ. "ಅಕ್ಕಾ, ಹಸಿವು" ಎಂದ. ನನ್ನ ಉಡಿಯಲ್ಲಿ ಒಗ್ಗರಣೆ ಹಾಕಿದ ಚುರುಮುರಿ ಇತ್ತು. ಒಂದು ಮುಷ್ಟಿ ಕೊಟ್ಟೆ. ಸದ್ದಾಗದ ಹಾಗೆ ನಿಧಾನ ಅಗಿದು ತಿಂದ. ಎರಡು ದಿನಕ್ಕೆ ಅವನು ಹೋಗಿಬಿಟ್ಟ.

ನನ್ನನ್ನು ಮನೆಗೆ ಕರೆತಂದಾಗ ಆಯಿ ಪಡಸಾಲೆಯಲ್ಲಿ ಅವ್ವನನ್ನು ತಬ್ಬಿಕೊಂಡು ಕೂತಿದ್ದಳು. ಅವಳು ಯಾವಾಗ ಬಂದಳೋ ನಾನು ಕೇಳಲಿಲ್ಲ. ನಾನು ಯಾರನ್ನೂ ಏನನ್ನೂ ಕೇಳಲಿಲ್ಲ. ಚುರುಮುರಿಯ ಮಾತು ಗಂಟಲಲ್ಲೇ ಉಳಿಯಿತು, ಅದರ ಹಿಂದೆ ಅನ್ನವೂ ಇಳಿಯದಾಯಿತು. ತಾಟಿನಲ್ಲಿ ಕಲೆಸಿ, ಅತ್ತಿತ್ತ ಸರಿಸಿ, ಏಳುತ್ತಿದ್ದೆ. ಸತ್ತ ಮನೆಯಲ್ಲಿ ಯಾರು ಎಷ್ಟು ಉಂಡರೆಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಭಾದ್ರಪದ ಬಂತು, ದಶಲಕ್ಷಣದ ಹತ್ತು ದಿನಗಳ ಪರ್ವ ಬಂತು. ಮೊದಲ ದಿನ ಎಲ್ಲರೂ ಉಪವಾಸ ಮಾಡಿದರು. ಮರುದಿನ ಎಲ್ಲರೂ ಪಾರಣೆ ಮಾಡಿ ಉಂಡರು. ನಾನು "ನಂದು ಇವತ್ತೂ ಉಪವಾಸ" ಎಂದೆ. ಮೂರನೆಯ ದಿನವೂ ಅದನ್ನೇ ಹೇಳಿದೆ. ಉಣ್ಣದಿರುವುದಕ್ಕೆ ಇಷ್ಟು ಸುಲಭದ ದಾರಿ ಇದೆ ಎಂದು ನನಗೆ ಮೊದಲು ಹೊಳೆದೇ ಇರಲಿಲ್ಲ. ಬಸದಿಯಲ್ಲಿ ಹೆಂಗಸರು ಮುತ್ತಿಕೊಂಡರು. "ಇಷ್ಟು ಸಣ್ಣ ಕೂಸು, ಮೂರು ಉಪವಾಸ! ಪುಣ್ಯವಂತಿ ನೋಡ್ರಿ" ಎಂದು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಕೊಲ್ಹಾಪುರದ ಬೀಗರೊಬ್ಬರು ರೇಶಿಮೆ ಪರಕರ ಕಳಿಸಿದರು. ಎಂಟು ಉಪವಾಸ ಪೂರೈಸಿದರೆ ಬಾಜಾ ಬಜಂತ್ರಿಯೊಂದಿಗೆ ಮೆರವಣಿಗೆ ಮಾಡುವ ಮಾತು ನಡೆಯಿತು. ತಮ್ಮ ಹೋದ ಮೇಲೆ ಅಪ್ಪ ಮೊದಲ ಸಲ ನಕ್ಕದ್ದು ಆ ದಿನ. ನಾನು ರೇಶಿಮೆ ಉಟ್ಟು, ತಮ್ಮನನ್ನು ಕೊಂದವಳು ನಾನು ಎಂದುಕೊಳ್ಳುತ್ತ, ಎಲ್ಲರ ನಡುವೆ ಕೂತಿದ್ದೆ. ಆ ಹೆಂಗಸರ ಮೇಲೆ ಬಹಳ ವರ್ಷ ಸಿಟ್ಟಿತ್ತು ನನಗೆ. ಈಗಿಲ್ಲ. ಮಗುವಿಗೆ ಮೈ ಬಿಸಿಯಾದರೆ ನೋಡುತ್ತಿದ್ದರು, ಮನಸ್ಸು ಬಿಸಿಯಾದರೆ ಎಲ್ಲಿ ಕೈಯಿಟ್ಟು ನೋಡಬೇಕು ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದರು?

ನಾಲ್ಕನೆಯ ದಿನ ಬೆಳಿಗ್ಗೆ ಆಯಿ ಅಡುಗೆಮನೆಯಲ್ಲಿ ಅವ್ವನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

"ಇದು ಉಪವಾಸ ಅಲ್ಲ."

"ಹಂಗ್ಯಾಕ ಅಂತೀರಿ ಅತ್ತಿ? ಊರಿಗೂರೇ ಕೊಂಡಾಡಾಕತ್ತೇತಿ."

"ಊರಿಗೇನು ಗೊತ್ತು? ನಾ ನಲವತ್ತು ವರ್ಷ ಉಪವಾಸ ಮಾಡೀನಿ. ಉಪವಾಸ ಇದ್ದವರಿಗೆ ಪಾರಣಿದ ಧ್ಯಾನ. ನಾಳೆ ಹೆಸರಬ್ಯಾಳಿ ಪಾಯಸ ಮಾಡೂಣೇನು, ಉಪ್ಪಿಟ್ಟು ಮಾಡೂಣೇನು ಅಂತ ಬಸದ್ಯಾಗ ಕುಂತು ಅದನ್ನ ಮಾತಾಡತೇವಿ. ಈ ಹುಡುಗಿ ಒಂದ ಸಲಾನೂ ಪಾರಣಿಗೆ ಏನು ಅಂತ ಕೇಳಿಲ್ಲ."

ಅವಳು ಹೇಳಿದ್ದು ನಿಜ. ಉಪವಾಸದ ದಿನ ನಮ್ಮ ಹೆಂಗಸರಷ್ಟು ಊಟದ ಮಾತನ್ನು ಮದುವೆಯ ಅಡುಗೆಯವರೂ ಆಡಲಿಕ್ಕಿಲ್ಲ.

ಆಯಿ ನನ್ನನ್ನು ಕೂರಿಸಿಕೊಂಡು ಏನೂ ವಿಚಾರಿಸಲಿಲ್ಲ. ಮಧ್ಯಾಹ್ನ ಬಾವಿಗೆ ಕರೆದೊಯ್ದಳು. ನೀರು ಸೋಸುವ ಅರಿವೆಯ ಒಂದು ತುದಿ ನನ್ನ ಕೈಗೆ ಕೊಟ್ಟಳು. ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದಲ್ಲ. ಅದಕ್ಕೆ ಅರಿವೆಯನ್ನು ಸೋಸಿದ ನೀರಲ್ಲೇ ಜಾಲಿಸಿ, ಆ ನೀರನ್ನು ಸಣ್ಣ ಕೊಡದಲ್ಲಿ ತುಂಬಿ, ಕೊಡವನ್ನು ಬಾವಿಯ ನೀರಿನ ಮಟ್ಟಕ್ಕಿಳಿಸಿ ಮೆಲ್ಲಗೆ ಬಗ್ಗಿಸಬೇಕು. ಆಯಿ ಹಗ್ಗ ಬಿಡುತ್ತಿದ್ದಳು.

"ಆಯಿ, ನೀರಾಗಿನ ಹುಳ ಸತ್ರ ಪಾಪ ಹತ್ತತೇತಿ. ಮನಶ್ಯಾ ಸತ್ರ?" ಎಂದೆ.

ಹಗ್ಗ ನಿಂತಿತು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಅಳು ಬರಲಿಲ್ಲ; ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಹೇಳಿದೆ. ಆಯಿ ಕೊಡವನ್ನು ಬಗ್ಗಿಸಿ, ಮೇಲೆಳೆದು, ಕಟ್ಟೆಯ ಮೇಲಿಟ್ಟಳು.

"ಎಷ್ಟು ಕೊಟ್ಟಿ?"

"ಒಂದು ಮುಷ್ಟಿ."

"ನಾ ಎರಡು ಉಂಡಿ ಕೊಟ್ಟಿದ್ನಿ" ಎಂದಳು ಆಯಿ. "ಶೇಂಗಾ ಬೆಲ್ಲದ್ದು. ಅವತ್ತ ಮುಂಜಾನೆ, ನಿನಗಿಂತ ಮದಲ. ನನಗೂ ಹಸಿವು ಅಂದ. ಕೊಡದ ಹ್ಯಾಂಗ ಇರಬೇಕು?"

ನಾನು ಅವಳ ಮುಖವನ್ನೇ ನೋಡಿದೆ. "ಹಂಗಾದ್ರ ನೀ ಯಾಕ ಉಣ್ಣಾಕತ್ತಿ?"

"ಇಬ್ಬರೂ ಉಪವಾಸ ಬಿದ್ರ ನಿಮ್ಮವ್ವನ್ನ ನೋಡವರು ಯಾರು? ಅವನ್ನ ಜ್ವರ ಒಯ್ತು. ನಿನ್ನ ಚುರುಮುರಿ ಒಯ್ಯಲಿಲ್ಲ, ನನ್ನ ಉಂಡೀನೂ ಒಯ್ಯಲಿಲ್ಲ."

ಆಗ ಅಳು ಬಂತು. ನಾನೊಬ್ಬಳೇ ಅಲ್ಲ ಎಂಬ ಸಮಾಧಾನ ಎಂಥದೆಂದು ನನಗೆ ಈಗಲೂ ಸರಿಯಾಗಿ ಬರೆಯಲು ಬರುವುದಿಲ್ಲ. ಹೊತ್ತು ಮುಳುಗುವ ಮುಂಚೆ ಆಯಿ ಅಂಬಲಿ ಕಾಸಿ ತಂದು, ಒಂದೇ ಬಟ್ಟಲಲ್ಲಿ ತಾನೂ ಕುಡಿದು ನನಗೂ ಕುಡಿಸಿದಳು. ಎಂಟಾಗಿದ್ದರೆ ಬಾಜಾ ತರಿಸುತ್ತಿದ್ದೆವಲ್ಲ ಎಂದು ಹಳಹಳಿಸಿದ ಹೆಂಗಸರಿಗೆ, "ಬಾಜಾ ಬೇಕಂದ್ರ ನಿಮ್ಮ ಕೂಸುಗಳ್ನ ಉಪವಾಸ ಕುಂಡರಸ್ರಿ" ಎಂದಳು.

ಒಂದು ಬಟ್ಟಲು ಅಂಬಲಿಯಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಆ ಚಳಿಗಾಲವೆಲ್ಲ ಅರ್ಧ ಊಟ, ಕೆಟ್ಟ ಕನಸು. ಆಯಿ ದಿನಾಲು ನನ್ನನ್ನು ಬಾವಿಗೆ ಕರೆಯುತ್ತಿದ್ದಳು. "ಇವತ್ತ ನೆನಪಾದ್ನೇನು?" ಎಂದು ಕೇಳುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಅವನ ಮಾತೆತ್ತುತ್ತಿರಲಿಲ್ಲ, ಅವ್ವನಿಗೆ ಸಂಕಟವಾಗುತ್ತದೆ ಎಂದು. ಬಾವಿಯ ಕಟ್ಟೆಯ ಮೇಲೆ ಮಾತ್ರ ಅವನು ತುಪ್ಪ ಕದ್ದದ್ದು, ಅಪ್ಪನ ಟೊಪ್ಪಿಗೆಯಲ್ಲಿ ಬೆಕ್ಕಿನ ಮರಿ ಇಟ್ಟದ್ದು ಎಲ್ಲ ಬರುತ್ತಿತ್ತು. ನಗುತ್ತಿದ್ದೆವು ಕೂಡ. ನನ್ನ ಬಾಲ್ಯದಲ್ಲಿ ಮತ್ತೆ ಹೋಗಿ ಕೂರಬೇಕೆನಿಸುವ ಜಾಗ ಅದೊಂದೇ.

ಒಂಬತ್ತು ವರ್ಷದ ಮೇಲೆ, ಯುದ್ಧದ ಕಾಲದಲ್ಲಿ, ನಾನು ಇಚಲಕರಂಜಿಯ ಅತ್ತೆಯ ಮನೆಗೆ ಹೋಗಿದ್ದೆ. ಓಣಿಯ ತುಂಬ ಮಗ್ಗದ ಸದ್ದು. ಅತ್ತೆಯ ಬಾಯಿ ಅದಕ್ಕಿಂತ ಜೋರು. ಮಗಳ ತಲೆ ಬಾಚುತ್ತ ಹೇಳಿದಳು: "ಇಕಿ ಹುಟ್ಟಿದ ದಿನಾನ ನಿನ್ನ ತಮ್ಮ ಹೋಗಿದ್ದು ನೋಡು. ಮೋಟಾರಿನವನ ಕೈಲೆ ಸುದ್ದಿ ಬಂತು. ನಮ್ಮವ್ವ, ನಿಮ್ಮ ಆಯಿ, ಅಲ್ಲೀತನಕ ತಿಂಗಳಾನಗಟ್ಟಲೆ ಇಲ್ಲೇ ಇದ್ಲು. ಹಂಗ ಎದ್ದು ಹೊಂಟ್ಲು. ಮುಟ್ಟೋದ್ರಾಗ ಎಲ್ಲಾ ಮುಗಿದಿತ್ತು. ಮೊಮ್ಮಗನ ಮಾರಿ ಸುದ್ದಾ ನೋಡಾಕ ಸಿಗಲಿಲ್ಲ ಅಂತ ಈಗೂ ಅಳತಾಳ."

ನಾನು ಮರುದಿನವೇ ಗಡಹಿಂಗ್ಲಜಕ್ಕೆ ಬಂದೆ. ಆಯಿ ಅಕ್ಕಿ ಆರಿಸುತ್ತಿದ್ದಳು. ಅತ್ತೆ ಕಟ್ಟಿಕೊಟ್ಟಿದ್ದ ಬೆಲ್ಲದ ಉಂಡಿ ಮುಂದಿಟ್ಟೆ, ಪಕ್ಕಕ್ಕೆ ಸರಿಸಿದಳು. ಬೆಲ್ಲದ ವ್ಯಾಪಾರದ ಮನೆಯಲ್ಲಿ ಅವಳೊಬ್ಬಳು ಎಷ್ಟೋ ವರ್ಷದಿಂದ ಬೆಲ್ಲ ಮುಟ್ಟುತ್ತಿರಲಿಲ್ಲ. ಹಲ್ಲಿನ ತೊಂದರೆ ಎಂದು ನಾನು, ಏನೋ ವ್ರತ ಎಂದು ಅವ್ವ ತಿಳಿದಿದ್ದೆವು.

"ಆಯಿ, ನೀ ತಮ್ಮಗ ಉಂಡಿ ಕೊಟ್ಟಿದ್ದಿಲ್ಲ. ನೀ ಬಂದಾಗ ಅವ ಇದ್ದಿದ್ದ ಇಲ್ಲ" ಎಂದೆ.

"ನಿಮ್ಮತ್ತಿ ಹೇಳಿದ್ಲೇನು? ಆಕಿ ಬಾಯಾಗ ಎಳ್ಳ ನೆನಿಯಂಗಿಲ್ಲ."

"ಸುಳ್ಳ ಹೇಳಿದಿ ನನಗ."

"ಹೇಳಿದ್ನಿ. ಆಮ್ಯಾಲ ಮುನಿಗಳ ಮುಂದ ಹೋಗಿ ಒಪ್ಪಿಕೊಂಡ್ನಿ. ಒಂದು ಉಪವಾಸ ಮಾಡು, ಸಾಕು ಅಂದ್ರು. ಮಾಡಿದ್ನಿ."

"ಮತ್ತ ಬೆಲ್ಲ ಯಾಕ ಬಿಟ್ಟಿ?"

ಆಯಿ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು.

"ಉಪವಾಸ ಮಾಡಿದ್ದು ಸುಳ್ಳ ಹೇಳಿದ್ದಕ್ಕ. ಹೇಳಿದ್ದಕ್ಕ ಪಶ್ಚಾತ್ತಾಪ ಆಗಬೇಕಲ್ಲ? ಅದು ನನಗ ಒಂದ ದಿನಾನೂ ಆಗಲಿಲ್ಲ. ಬೆಲ್ಲ ಅದಕ್ಕ ಬಿಟ್ನಿ."