ಐದು ಕಾಲಿನ ಇರುವೆ

ಡಿಸೆಂಬರ್ 22, ಸೋಮವಾರ, ಬೆಳಗಿನ 5 ಗಂಟೆ 10 ನಿಮಿಷಕ್ಕೆ ಗೋಕಾಕದ ನಮ್ಮ ಮನೆಯ ಮುಂದಿನಿಂದ ಕಾರು ಹೊರಟಿತು. ಒಳಗೆ ನಾಲ್ವರು: ಅಪ್ಪ, ಅವ್ವ, ಆಯಿ, ನಾನು. ಹಿಂದೆ ಐದು ಚೀಲ. ಐದನೆಯದು ಆಯಿಯ ಎರಡನೆಯ ಚೀಲ. ಅದರಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಡಬ್ಬಿ ಕರದಂಟು. ಪರದೇಶದವರು ಊಟದಲ್ಲಿ ಏನು ಬೆರೆಸುತ್ತಾರೋ ಎಂಬುದು ನನ್ನ ಅಜ್ಜಿಯಾದ ಈ ಆಯಿಯ ಚಿಂತೆ. ಹೊಸ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅದನ್ನು ‘ಅನುಮಾನ 1’ ಎಂದು ಬರೆದು, ಪಕ್ಕದಲ್ಲಿ ‘ನಿಜ’, ‘ಸುಳ್ಳು’ ಎಂದು ಎರಡು ಕಾಲಮ್ ಎಳೆದೆ.

ನಾವು ಹೊರಟಿದ್ದು ಶ್ರೀಲಂಕಾಕ್ಕೆ, ಐದು ರಾತ್ರಿಗೆ. ಮನೆಯಲ್ಲಿ ಯಾರೂ ಅದುವರೆಗೆ ದೇಶದ ಗಡಿ ದಾಟಿರಲಿಲ್ಲ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ನನಗೆ ರಜೆ ಇತ್ತು, ಆಯಿಗೆ ಎಪ್ಪತ್ತನಾಲ್ಕು ದಾಟುವುದರೊಳಗೆ ವಿಮಾನ ಹತ್ತುವ ಆಸೆ ಇತ್ತು. ಅಪ್ಪನ ಹಾರ್ಡ್‌ವೇರ್ ಅಂಗಡಿಗೆ ಬಂದವರೆಲ್ಲ ಒಂದೊಂದು ಮೋಸದ ಕಥೆ ಹೇಳಿ ಕಳಿಸಿದ್ದರು.

ಮೀಟರ್ ಪ್ರಕಾರ ಮೂವತ್ತೆರಡು ಕಿಲೋಮೀಟರ್ ಆದಾಗ ಹುಕ್ಕೇರಿ ಬಂತು. ಅಲ್ಲಿ ಐದನೆಯವರು ಹತ್ತಬೇಕಿತ್ತು: ಮೂಡಲಗಿಯ ಸುಂದ್ರಾ ಅತ್ತಿ, ತೀರಿಹೋದ ನಮ್ಮ ಅಜ್ಜನ ತಂಗಿ. ಅಪ್ಪನಿಗೆ ಸೋದರತ್ತೆಯಾದ್ದರಿಂದ ನಾನೂ ಅತ್ತಿ ಎಂದೇ ಕರೆಯುತ್ತೇನೆ. ಹಿಂದಿನ ದಿನ ಗೋಕಾಕಕ್ಕೆ ಬಂದು ನಮ್ಮಲ್ಲೇ ಉಳಿದಿದ್ದರೆ ಎಲ್ಲರಿಗೂ ಅನುಕೂಲವಿತ್ತು. ಆದರೆ ಅವರು ಹುಕ್ಕೇರಿಯ ಮಗಳ ಮನೆಗೆ ಹೋಗಿ ಉಳಿದರು. ಮೂವತ್ತೊಂದು ವರ್ಷದಿಂದ ನಮ್ಮ ಮನೆಯಲ್ಲಿ ಅವರು ಒಂದು ರಾತ್ರಿಯೂ ಕಳೆದಿಲ್ಲ.

“ಚೀಲ ಹಿಂದ ಇಡ್ಲ್ಯಾ ವೈನಿ, ಇಲ್ಲಾ ಬಿಚ್ಚಿ ತೋರಸ್ಲ್ಯಾ?” ಎಂದು ಅತ್ತಿ ತಮ್ಮ ಅತ್ತಿಗೆಯಾದ ಆಯಿಯನ್ನು ಕೇಳಿದರು, ಕಾರಿನ ಬಾಗಿಲು ಹಿಡಿದು.

“ಇಡವ್ವಾ. ಇಮಾನದವರು ಹ್ಯಾಂಗೂ ಬಿಚ್ಚಿ ನೋಡ್ತಾರಂತ,” ಎಂದಳು ಆಯಿ.

ಇದರ ಹಿಂದಿನ ಸಂಗತಿ ಹೇಳಬೇಕು. ಅಜ್ಜ ಗೋಕಾಕದ ಕಟ್ಟಿಗೆಯ ಹಣ್ಣುಗಳನ್ನು ಮಾಡುತ್ತಿದ್ದರು. ಪ್ರತಿ ಹಣ್ಣಿನ ತೊಟ್ಟಿನ ಬಳಿ ಒಂದು ಕರಿ ಇರುವೆ ಬರೆಯುವುದು ಅವರ ರೂಢಿ. ಕೊಳ್ಳಲು ಬಂದವರು ಕೊಡವಲು ಕೈ ಹಾಕಿದರೆ ನಗುತ್ತಿದ್ದರಂತೆ. ಆ ಇರುವೆಗೆ ಐದೇ ಕಾಲು. ಆರಿರಬೇಕು ಎಂದು ಎಂಟು ವರ್ಷದವಳಿದ್ದಾಗ ನಾನು ತಪ್ಪು ತೋರಿಸಿದ್ದೆ. “ಒಂದ ಕಾಲ ಎತ್ತೈತಿ. ನಡ್ಯಾಕತ್ತೈತಿ ಅದು,” ಎಂದಿದ್ದರು. ಅದೇ ವರ್ಷ ತೀರಿಕೊಂಡರು.

ಮನೆಗೆಂದು ಅವರು ಮಾಡಿದ ಬುಟ್ಟಿಯಲ್ಲಿ ಒಂಬತ್ತು ಹಣ್ಣುಗಳಿದ್ದವು. ಒಂಬತ್ತನೆಯದು ಸೀತಾಫಲ. ಅದರ ಒಂದೊಂದು ಕಣ್ಣನ್ನೂ ಕೆತ್ತಿ ಬೆರಳು ಸೆಟೆದುಕೊಂಡು, ಇನ್ನೊಂದನ್ನು ಎಂದೂ ಮಾಡಲಿಲ್ಲ ಎನ್ನುತ್ತಾಳೆ ಆಯಿ. ಮೂವತ್ತೊಂದು ವರ್ಷದ ಹಿಂದೆ ಪಂಚಮಿಗೆಂದು ತವರಿಗೆ ಬಂದಿದ್ದ ಅತ್ತಿ ಹೊರಟುಹೋದ ಮೇಲೆ ಆಯಿ ಬುಟ್ಟಿ ಬಿಚ್ಚಿದಳು. ಎಂಟೇ ಇದ್ದವು. ಅತ್ತಿ ತಾನು ಮುಟ್ಟಿಲ್ಲವೆಂದರು. ಆಯಿ ನಂಬಲಿಲ್ಲ. ಅಜ್ಜ ಯಾರ ಪರವಾಗಿಯೂ ಮಾತಾಡಲಿಲ್ಲ. ಇಬ್ಬರನ್ನೂ ಐದು ದಿನ ಒಂದೇ ಕೋಣೆಯಲ್ಲಿ ಹಾಕಿದರೆ ಇದು ಮುಗಿದೀತೆಂದು ಅಪ್ಪ ಯೋಚಿಸಿದ್ದರು.

ಯಮಕನಮರಡಿಯಲ್ಲಿ ಹೆದ್ದಾರಿ ಬದಿ ಚಹಾ ಕುಡಿದೆವು. ಬೆಳಗಾವಿಯಿಂದ ಬೆಂಗಳೂರು, ಅಲ್ಲಿಂದ ಕೊಲಂಬೊ. ಎರಡನೆಯ ವಿಮಾನದ ಹಾರಾಟ ಒಂದೂವರೆ ಗಂಟೆ. “ಬಸ್ಸಿನ್ಯಾಗ ಬೆಳಗಾವಿ ಮುಟ್ಟೂದ್ರಾಗ ಪರದೇಶ ಬಂತಲ್ಲೋ! ಖರೆ ಪರದೇಶ ಹೌದಿಲ್ಲ ಕೇಳು,” ಎಂದಳು ಆಯಿ, ಕೊಲಂಬೊದಲ್ಲಿ ಇಳಿಯುವಾಗ ಅಪ್ಪನಿಗೆ. ಅನುಮಾನ 4.

ವಿಮಾನ ನಿಲ್ದಾಣದಿಂದ ನೆಗೊಂಬೊಗೆ ವ್ಯಾನ್ ಹಿಡಿದೆವು. ಚಾಲಕ ಸುತ್ತು ಹಾಕುತ್ತಿದ್ದಾನೆಂದು ಅವ್ವನಿಗೆ ಅನುಮಾನ. ನನ್ನ ಫೋನಿನ ನಕ್ಷೆ ಹನ್ನೊಂದು ಕಿಲೋಮೀಟರ್ ತೋರಿಸುತ್ತಿತ್ತು, ಆತ ಹತ್ತರಲ್ಲೇ ಮುಟ್ಟಿಸಿದ. ಹತ್ತಿರದ ದಾರಿ ಯಾಕೆ ಹಿಡಿದ ಎಂದು ಅವ್ವ ಆಮೇಲೂ ಕೇಳುತ್ತಿದ್ದಳು.

ಉಳಿದದ್ದು ಸಮುದ್ರದಿಂದ ಎರಡು ಬೀದಿ ಒಳಗಿನ ಒಂದು ಮನೆಯಲ್ಲಿ. ಮೇಲೆ ಅತಿಥಿಗಳಿಗೆ ಮೂರು ಕೋಣೆ, ಕೆಳಗೆ ಒಡತಿ ಡಲ್ಸಿ ಅವರ ಸಂಸಾರ. ಅರುವತ್ತರ ಆಸುಪಾಸಿನ ಹೆಂಗಸು, ನಿಧಾನವಾದ ಇಂಗ್ಲಿಷು. ಮೊದಲ ರಾತ್ರಿಯೇ ಆಯಿ ತನ್ನ ಚೀಲದ ಜಿಪ್ಪಿಗೆ ದಾರ ಕಟ್ಟಿ ಏಳು ಗಂಟು ಹಾಕಿದಳು. ಅತ್ತಿ ಮಂಚದ ಮೇಲೆ ಕುಳಿತು ಗಂಟುಗಳನ್ನು ಗಟ್ಟಿಯಾಗಿ ಎಣಿಸಿದರು.

23ರಂದು ಮಧ್ಯಾಹ್ನದವರೆಗೆ ಮಳೆ, ಆಮೇಲೆ ಬೆವರು. ತಿಂಡಿಗೆ ಒತ್ತುಶಾವಿಗೆ, ಜೊತೆಗೆ ಕೆಂಪು ಕೊಬ್ಬರಿ ಚಟ್ನಿ. ಆಯಿ ಚಟ್ನಿಯನ್ನು ಮೂಸಿ ತಟ್ಟೆ ಸರಿಸಿದಳು. ಕೇಳಿದಾಗ ಡಲ್ಸಿ ಸಂಕೋಚದಿಂದ ಒಪ್ಪಿಕೊಂಡರು: ಒಣಮೀನಿನ ಪುಡಿ ಹಾಕುತ್ತಾರೆ. ಅನುಮಾನ 1, ನಿಜ. ಅಲ್ಲಿಂದ ಆಯಿಗೆ ಬಲ ಬಂತು. ಹಾಲು, ನೀರು, ದಿಂಬಿನ ಹತ್ತಿ, ಮೀನುಪೇಟೆಯ ತಕ್ಕಡಿ, ಎಲ್ಲವನ್ನೂ ಅನುಮಾನಿಸಿದಳು. ಸಂಜೆಗೆ ಸಂಖ್ಯೆ ಹನ್ನೊಂದಾಯಿತು.

24ರ ಸಂಜೆ ಆರೂವರೆಗೆ ಡಲ್ಸಿ ನಮ್ಮನ್ನೆಲ್ಲ ಕೆಳಗೆ ಕರೆದರು. ಹಜಾರದ ಮೂಲೆಯಲ್ಲಿ ಗೋದಲಿ ಕಟ್ಟಿದ್ದರು: ಹುಲ್ಲಿನ ಮಾಡು, ಮಣ್ಣಿನ ಕುರಿಗಳು, ಮಧ್ಯೆ ಬಾಲಯೇಸು. ಅದರ ಮುಂದೆ ಬೆತ್ತದ ಬುಟ್ಟಿಯಲ್ಲಿ ಬಗೆಬಗೆಯ ಬೊಂಬೆ ಹಣ್ಣುಗಳು, ಹೆಚ್ಚಿನವು ಪ್ಲಾಸ್ಟಿಕ್. ಆಯಿ ಕೈಮುಗಿದು ಬಗ್ಗಿದವಳು, ಒಂದು ಹಣ್ಣಿನ ಮೇಲಿದ್ದ ಇರುವೆಯನ್ನು ಬೆರಳಿನಿಂದ ಕೊಡವಿದಳು. ಅದು ಹೋಗಲಿಲ್ಲ. ಮತ್ತೊಮ್ಮೆ ಕೊಡವಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಸೀತಾಫಲ. ಕಟ್ಟಿಗೆಯದು. ಬಣ್ಣ ಕಂದಿತ್ತು.

ನಾನು ಫೋನಿನ ಬೆಳಕು ಹಿಡಿದೆ. “ಕಾಲ ಎಷ್ಟ ಅದಾವ?” ಎಂದು ಹಿಂದಿನಿಂದ ಅತ್ತಿಯ ದನಿ ಬಂತು. ಎರಡು ಸಲ ಎಣಿಸಿ ಹೇಳಿದೆ: “ಐದು.”

ಆಯಿ ಅತ್ತಿಯ ಕಡೆ ತಿರುಗಿದಳು. “ಮೂಡಲಗಿಯಿಂದ ಇಲ್ಲಿಗೆ ಹ್ಯಾಂಗ ಬಂತ ಇದು?”

“ಈಸಿ ಬಂದಿರಬೇಕ್ರಿ ವೈನಿ,” ಎಂದರು ಅತ್ತಿ. “ನನ್ನ ಪಾಸ್‌ಪೋರ್ಟ್ ಆಗಿದ್ದ ಹೋದ ತಿಂಗಳ.”

25ರ ಬೆಳಿಗ್ಗೆ ಡಲ್ಸಿ ಅವರನ್ನು ಕೇಳಿದೆ. ಮೀನಿನ ಬಲೆಯ ವ್ಯಾಪಾರಕ್ಕಾಗಿ ಅವರ ತಂದೆ ಮದ್ರಾಸಿಗೆ ಹೋಗಿಬರುತ್ತಿದ್ದರು. ಅಲ್ಲಿಂದ ಇದನ್ನು ತಂದಿದ್ದು ಡಲ್ಸಿ ಅವರ ಕಿರಿಮಗಳಿಗೆ ದೀಕ್ಷಾಸ್ನಾನವಾದ ವರ್ಷ ಎಂದರು. ಆ ಮಗಳಿಗೆ ಈಗ ಮೂವತ್ತೊಂದು. ಕೊಂಡು ತಂದರೋ, ಯಾರಾದರೂ ಕೊಟ್ಟರೋ ಅವರಿಗೆ ಗೊತ್ತಿಲ್ಲ. ತಂದೆ ಪ್ರತಿ ಕ್ರಿಸ್‌ಮಸ್‌ಗೆ ಅದನ್ನು ಬಾಲಯೇಸುವಿಗೆ ಹತ್ತಿರವಾಗಿ ಇಡುತ್ತಿದ್ದರು. ಈಗ ಅವರಿಲ್ಲ.

ಮದ್ರಾಸು ಎಂದ ಕೂಡಲೇ ಅಪ್ಪನಿಗೆ ನೆನಪಾಯಿತು. ಆ ವರ್ಷ ಪಂಚಮಿಗೆ ಮುಂಚೆ ಅಜ್ಜ ಗೋಕಾಕದ ಇನ್ನಿಬ್ಬರು ಬೊಂಬೆ ಮಾಡುವವರೊಂದಿಗೆ ಮದ್ರಾಸಿನ ಒಂದು ಪ್ರದರ್ಶನಕ್ಕೆ ಹೋಗಿದ್ದರು. ಮಾದರಿ ತೋರಿಸಲು ಮನೆಯ ಬುಟ್ಟಿಯನ್ನೇ ಒಯ್ದಿದ್ದರು.

ನಾನು ಆಯಿಯನ್ನು ಕೇಳಿದೆ: “ಅಜ್ಜ ಮದ್ರಾಸಿನಿಂದ ಬಂದ ಮ್ಯಾಲ, ಅತ್ತಿ ಬರೂದಕ್ಕ ಮದಲ, ಬುಟ್ಟಿ ಬಿಚ್ಚಿ ನೋಡಿದ್ದೇನ?”

ಹಬ್ಬದ ಕೇಕು ಬಂತು. ಮೊಟ್ಟೆ ಇದೆಯೇ ಎಂದು ಕೇಳದೆ ಆಯಿ ತಿಂದಳು. ಅವತ್ತು ಹೊಸ ಅನುಮಾನ ಒಂದೂ ದಾಖಲಾಗಲಿಲ್ಲ.

ಆ ದಿನ ಆಯಿ ಬುಟ್ಟಿಯ ಬಳಿಗೆ ಹೋದದ್ದು ಆರು ಸಲ, ಅತ್ತಿ ನಾಲ್ಕು ಸಲ. ಎಣಿಸುತ್ತಿದ್ದವಳು ನಾನೊಬ್ಬಳೇ ಅಲ್ಲ. ಡಲ್ಸಿ ಕೂಡ ಅಡುಗೆಮನೆಯ ಪರದೆ ಸರಿಸಿ ನೋಡುತ್ತಿದ್ದರು.

26ರ ಬೆಳಿಗ್ಗೆ 8.15ಕ್ಕೆ ತಿಂಡಿಗೆ ಕುಳಿತಾಗ ಡಲ್ಸಿ ನಮ್ಮ ಮೇಜಿನ ಹತ್ತಿರ ಬಂದು ನಿಂತರು. ಬುಟ್ಟಿಯಲ್ಲಿ ಒಂದು ಹಣ್ಣು ಕಡಿಮೆಯಾಗಿದೆ, ಮಕ್ಕಳು ಯಾರಾದರೂ ಆಡಲು ಒಯ್ದಿರಬಹುದೇ ಎಂದು ಕೇಳಿದರು. ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಬೇರೆ ಅತಿಥಿಗಳೂ ಇರಲಿಲ್ಲ. ಅಪ್ಪನ ಕಿವಿ ಕೆಂಪಾಯಿತು. ನಾನು ಆಯಿಯನ್ನು ನೋಡಿದೆ. ಆಯಿ ಅತ್ತಿಯನ್ನು ನೋಡಿದಳು.

ಅತ್ತಿ ಎದ್ದು ಮೇಲೆ ಹೋದರು. ಹಿಂದೆ ಆಯಿ, ಅವಳ ಹಿಂದೆ ನಾನು. ಅತ್ತಿ ದಿಂಬಿನ ಕೆಳಗಿನಿಂದ ಒಂದು ಟವೆಲ್ ತೆಗೆದು ಬಿಚ್ಚಿದರು.

“ತಗೋರಿ ವೈನಿ. ತಗೊಳ್ಳಲಾರದನ ಮೂವತ್ತೊಂದ ವರ್ಷ ಕಳ್ಳಿ ಆಗೇನಿ. ಒಮ್ಮೆ ತಗೊಂಡು ನಿಮ್ಮ ಕೈಯಾಗ ಕೊಟ್ಟರ ಮುಗೀತಂತ ಮಾಡಿದ್ನಿ.”

ಆಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣ್ಣಿನ ಕಣ್ಣುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಅತ್ತಿ ತನ್ನ ಚೀಲದ ಬಾಯಿ ತೆರೆದು ಹಿಡಿದಿದ್ದರು. ಆಯಿ ಹಣ್ಣನ್ನು ಅದರಲ್ಲಿ ಹಾಕಲಿಲ್ಲ. ಮೆಟ್ಟಿಲಿಳಿದು ನೇರವಾಗಿ ಗೋದಲಿಯ ಬಳಿಗೆ ಹೋಗಿ, ಡಲ್ಸಿ ನೋಡುತ್ತಿದ್ದಂತೆಯೇ ಬುಟ್ಟಿಯಲ್ಲಿಟ್ಟಳು.

“ನಾ ತಗೊಂಡಿದ್ನಿ ಅಂತ ಹೇಳ ಆಕಿಗೆ,” ಎಂದಳು ನನಗೆ.

“ಆಯಿ, ನೀ ಅಲ್ಲಲಾ...”

“ಹೇಳಂದ್ರ ಹೇಳು. ಚಂದಂಗ ತಿಳಿಯೂ ಹಂಗ ಹೇಳು.”

ಇಂಗ್ಲಿಷಿನಲ್ಲಿ ಹೇಳಿದೆ. ಅತ್ತಿ ಮೆಟ್ಟಿಲಿನ ಮೇಲೆ ನಿಂತಿದ್ದರು. ಅವರಿಗೆ ಇಂಗ್ಲಿಷು ಬರುವುದಿಲ್ಲ, ಆದರೆ ಆಯಿ ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದ್ದು ಕಂಡಿತ್ತು. ಡಲ್ಸಿ ಸೀತಾಫಲವನ್ನು ಬಾಲಯೇಸುವಿನ ಹತ್ತಿರಕ್ಕೆ ಸರಿಸಿ, ನಮಗೆಲ್ಲ ಚಹಾ ತಂದರು. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಗಾಜಿನ ಕಪಾಟಿನೊಳಗೆ ಸೇರಿ, ಅದಕ್ಕೆ ಕೀಲಿ ಬಿದ್ದಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಾಜಿನ ಹೊರಗಿನಿಂದಲೇ ನಾಲ್ಕು ಫೋಟೋ ತೆಗೆದುಕೊಂಡೆ.

27ರಂದು ವಾಪಸಾದೆವು. ಕೊಲಂಬೊ ವಿಮಾನ ನಿಲ್ದಾಣದಲ್ಲಿ ಚೀಲಗಳು ಯಂತ್ರದೊಳಗೆ ಹೋಗುವಾಗ ಆಯಿ ತನ್ನ ಚೀಲದ ಕಡೆ ನೋಡಲೇ ಇಲ್ಲ. ಸಂಜೆ ಯಮಕನಮರಡಿ ದಾಟಿ ಹುಕ್ಕೇರಿಯಲ್ಲಿ ಅತ್ತಿಯ ಮಗಳ ಮನೆಗೆ ತಿರುಗುವಲ್ಲಿ ಅಪ್ಪ ಕಾರು ನಿಧಾನ ಮಾಡಿದರು.

“ಯಾಕ ನಿಂದರಸ್ತಿ? ಸೀದಾ ಗೋಕಾಕಕ್ಕ ನಡಿ,” ಎಂದಳು ಆಯಿ.

“ನನ್ನ ಚೀಲದ ಜೋಡಿನ?” ಎಂದರು ಅತ್ತಿ.

“ಚೀಲದ ಜೋಡಿನ.”

ಅತ್ತಿ ಆ ರಾತ್ರಿ ನಮ್ಮ ಮನೆಯಲ್ಲಿ ಉಳಿದರು. 28ರ ಬೆಳಿಗ್ಗೆ 9.20ಕ್ಕೆ ಮೂಡಲಗಿ ಬಸ್ಸಿಗೆ ಹೊರಟಾಗ ಹೊಸ್ತಿಲಲ್ಲಿ ನಿಂತು, “ಹಣ್ಣ ಎಣಿಸಿದ್ರೇನ್ರಿ ವೈನಿ?” ಎಂದರು. “ಎಂಟ ಅದಾವ, ಹೋಗು. ಸಂಕ್ರಾಂತಿಗೆ ಬಾ,” ಎಂದಳು ಆಯಿ.

ಒಟ್ಟು ಅನುಮಾನ ಹನ್ನೆರಡು. ನಿಜವಾದದ್ದು ಒಂದು, ಒಣಮೀನು. ಸುಳ್ಳಾದದ್ದು ಹತ್ತು. ಹನ್ನೆರಡನೆಯದನ್ನು ಆಯಿ ಮನೆಗೆ ಬಂದ ಮೇಲೆ ಬರೆಸಿದಳು, ಅದು ಅಜ್ಜನ ಮೇಲಿನದು: ಸೀತಾಫಲವನ್ನು ತಾವೇ ಕೊಟ್ಟುಬಂದಿದ್ದರೆ, ತಂಗಿಯ ಮೇಲೆ ಮಾತು ಬಂದಾಗ ಯಾಕೆ ಸುಮ್ಮನಿದ್ದರು? ಅಥವಾ ಅಲ್ಲಿ ಕಳುವಾಯಿತೇ? ಆಯಿಗೆ ಹೇಳದೆ ಇನ್ನೊಂದನ್ನು ಮಾಡಿದ್ದರೇ? ಎರಡೂ ಕಾಲಮ್ ಖಾಲಿ ಇವೆ.

ಮೂವತ್ತೊಂದು ವರ್ಷದ ಹಿಂದೆ ಗೋಕಾಕದಿಂದ ಮದ್ರಾಸಿನ ಪ್ರದರ್ಶನಕ್ಕೆ ಹೋಗಿದ್ದ ಆ ಇನ್ನಿಬ್ಬರು, ಅಥವಾ ಅವರ ಮನೆಯವರು ಇದನ್ನು ಓದುತ್ತಿದ್ದರೆ, ಇಲ್ಲವೇ ಯಾರ ಮನೆಯಲ್ಲಾದರೂ ಐದು ಕಾಲಿನ ಇರುವೆ ಕುಳಿತ ಕಟ್ಟಿಗೆಯ ಸೀತಾಫಲ ಇದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಪತ್ರ ಬರೆಯಿರಿ. ಬರೆಯುವ ಮುಂಚೆ ಕಾಲುಗಳನ್ನು ಎರಡು ಸಲ ಎಣಿಸಿ.