ಹಾಲು ಮುಟ್ಟದೆ ಕೂತ ಅತಿಥಿ

ಆಲೆಮನೆಗೆ ಬಂದವರು ಕಬ್ಬಿನ ಹಾಲು ಕುಡಿಯದೆ ವಾಪಸ್ ಹೋಗುವಂತಿಲ್ಲ. ಆಗದವರು ಬಂದರೂ ಲೋಟ ಕೈಗಿಡಬೇಕು. ಇದು ನಮ್ಮ ಪಾಂಡವಪುರ ಸೀಮೆಯ ಅಲಿಖಿತ ಕಾನೂನು. (ಬೆಲ್ಲಕ್ಕೆ ಸಕ್ಕರೆ ಬೆರೆಸುವವರೂ ಈ ಕಾನೂನು ಮುರಿಯುವುದಿಲ್ಲ!)

ಹೋದ ವಾರ ನಮ್ಮ ಚಿಕ್ಕಪ್ಪನ ಮಗ ಪುಟ್ಟರಾಜುವಿನ ಆಲೆಮನೆಯಲ್ಲಿ ಒಬ್ಬಾತ ಆ ಲೋಟವನ್ನು ಮುಟ್ಟದೆ ಕೂತ.

ನಾನು ಬಿಸಿ ಬೆಲ್ಲದ ಆಸೆಗೆ ಹೋಗಿದ್ದೆ. ಆತ ಬಸ್ಸಿಳಿದು ನಡೆದು ಬಂದ. ಹೆಸರು ಜವರಯ್ಯ (ಪ್ರಾರ್ಥನೆ ಮನೆಯಲ್ಲಿ ಯೋಹಾನ). ಬಲಗೈ ಮಣಿಕಟ್ಟಿನ ತನಕ ಮಾತ್ರ ಇದೆ. ಕೆ.ಆರ್. ಪೇಟೆ ಕಡೆ ಕಬ್ಬು ಅರೆಯುವಾಗ ಗಾಣ ಎಳೆದುಕೊಂಡಿತಂತೆ. ಎಡಗಂಕುಳಲ್ಲಿ ವೆಲ್ಡಿಂಗ್ ಶಾಪಿನಲ್ಲಿ ಬಗ್ಗಿಸಿದ ದಪ್ಪ ತಗಡು.

"ಗಾಣದ ಬಾಯಿಗೆ ಇದನ್ನ ಆಕ್ಸಿ ಅಣ್ಣ. ಕಬ್ಬು ಒಳೀಕೆ ಓಯ್ತದೆ, ಕೈ ಓಗಕಿಲ್ಲ," ಎಂದ.

ಪುಟ್ಟರಾಜು ನನ್ನ ಕಿವಿಯಲ್ಲಿ, "ಮತಾಂತರ ಮಾಡಕ್ಕೆ ಬಂದವ್ನೆ ಕಣಕ್ಕ," ಅಂದ.

ಮತಾಂತರವಾ? ತಗಡು ಇಟ್ಟುಕೊಂಡಾ?

ಆದರೂ ಕಾನೂನು ಕಾನೂನೇ. ಪುಟ್ಟರಾಜು ಲೋಟ ಚಾಚಿದ. "ಆಲು ಕುಡ್ದು ನಡಿಲಾ."

"ತಗಡು ಆಕುದ್ಮೇಲೆ ಕುಡೀತೀನಿ," ಎಂದು ಜವರಯ್ಯ ಗಾಣದ ಎದುರಿನ ಕಲ್ಲಿನ ಮೇಲೆ ಕೂತೇಬಿಟ್ಟ.

ಗಾಣಕ್ಕೆ ಕಬ್ಬು ಕೊಡುತ್ತಿದ್ದವಳು ಸಾಕಮ್ಮ. ಮಗಳ ಬಾಣಂತನದ ಸುದ್ದಿ ಹೇಳುತ್ತಲೇ ಕೊನೆಯ ತುಂಡುಗಳನ್ನು ಅಂಗೈಯಿಂದ ದೂಡುತ್ತಿದ್ದಳು. ಗಾಣಕ್ಕೆ ಅರಿಶಿನ, ಕುಂಕುಮ, ಮೇಲೊಂದು ನಿಂಬೆಹಣ್ಣು. ಬಂದವಳೇ ನಾನೂ ಕೈಮುಗಿದಿದ್ದೆ. ಸಾಕಮ್ಮನ ಅಂಗೈ ಮಾತ್ರ ಈಗ ಕಣ್ಣಿಗೆ ಬಿತ್ತು.

ಜವರಯ್ಯನನ್ನು ಮಾತಿಗೆಳೆದೆ.

"ಕೈ ಓದ್ಮೇಲೆ ಕುಡ್ತ ಕಲ್ತೆ ಅಕ್ಕ. ಮೊಂಡುಗೈಗೆ ಟವಲ್ ಸುತ್ಕಂಡು ಗೋಡೆ ಕಡೆ ತಿರೀಕಂಡು ಮಲಗ್ತಿದ್ದೆ. ನಮ್ಮನೆಯೋಳು ಭಾನ್ವಾರ ಪಾಂಡವಪುರಕ್ಕೆ ಪ್ರಾರ್ಥನೆಗೆ ಓಗೋಳು. ಎಳ್ಕಂಡು ಬರಾನ ಅಂತ ಒಂದಿನ ನುಗ್ದೆ. ಯಾರೂ ಬೈಲಿಲ್ಲ. ಒಂದಜ್ಜಿ ಟವಲ್ ಬಿಚ್ಚಿ, ಈ ಮೊಂಡುಗೈನ ಇಡ್ಕಂಡು ಪ್ರಾರ್ಥನೆ ಮಾಡುದ್ಲು. ಅಲ್ಲೀಗಂಟ ಅದನ್ನ ಯಾರೂ ಮುಟ್ಟಿರ್ಲಿಲ್ಲ."

"ಆಮೇಲೆ?"

"ಅತ್ಬುಟ್ಟೆ. ಯೇಸಪ್ಪನೇ ಮುಟ್ಟಿದಂಗಾಯ್ತು. ಕುಡ್ತ ಬುಟ್ಟೆ. ಕೈ ವಾಪಸ್ ಕೊಡಪ್ಪಾ ಅಂತ ಬೇಡ್ಕಂಡೆ. ಕೊಡ್ಲಿಲ್ಲ. ಈ ಕೆಲ್ಸ ಕೊಟ್ಟ."

ನಾವೆಲ್ಲ ದೇವರ ಹತ್ತಿರ ಹೋಗುವುದು ಕಳೆದದ್ದನ್ನು ವಾಪಸ್ ಕೇಳುವುದಕ್ಕೇ ಅಲ್ಲವೇ? ಈತ ಕೇಳಲು ಹೋಗಿ ಕೆಲಸ ಹಚ್ಚಿಸಿಕೊಂಡು ಬಂದಿದ್ದಾನೆ. ಆಲೆಮನೆಯಿಂದ ಆಲೆಮನೆಗೆ ತಗಡು ಹೊತ್ತು ತಿರುಗುವುದೇ ಆ ಕೆಲಸ. ನಾಗಮಂಗಲದ ಕಡೆ ಆಲೆಮನೆಯವರೊಬ್ಬರು ಗದರಿಸಿ ಓಡಿಸಿದ್ದಾರೆ. ನಾಳೆ ಮತ್ತೆ ಅಲ್ಲಿಗೇ ಹೋಗುತ್ತಾನಂತೆ. ನಮಗಾದರೆ ಒಬ್ಬರು ಮುಖ ತಿರುಗಿಸಿದರೆ ಸಾಕು, ಭಕ್ತಿ, ಸೇವೆ ಎರಡೂ ಮುಗಿಯುತ್ತವೆ.

ಕಲ್ಲಿನ ಪಕ್ಕದಲ್ಲಿಟ್ಟ ಲೋಟ ಹಾಗೇ ಇತ್ತು. ನೊಣ ಕೂರತೊಡಗಿತು. ಕೆಲಸದವರೆಲ್ಲ ಅದನ್ನೇ ನೋಡುತ್ತಿದ್ದರು. ಪುಟ್ಟರಾಜು ರೇಗಿದ. "ಕೊಪ್ಪರಿಗೆ ಕಾಯ್ತಾ ಅದೆ ಕಣ್ಲಾ! ಈಗ ಗಾಣ ನಿಲ್ಸಕಾಯ್ತದಾ?"

ಜವರಯ್ಯ ದನಿ ಏರಿಸಲಿಲ್ಲ. "ನನ್ ಕೈ ಓದಾಗ ನಿಲ್ಸುದ್ರು ಅಣ್ಣ."

ಸಾಕಮ್ಮ ಕಬ್ಬು ಕೆಳಗಿಟ್ಟಳು. ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದಳು. ಮತ್ತೆ ಮುಂದೆ ಬರಲಿಲ್ಲ.

ಪುಟ್ಟರಾಜು ಅವಳನ್ನು ನೋಡಿದ, ಮೊಂಡುಗೈ ನೋಡಿದ. ಹೋಗಿ ಮೋಟಾರು ಆಫ್ ಮಾಡಿದ. ಸ್ಪ್ಯಾನರ್ ಹಿಡಿದವನೂ ಅವನೇ. ಜವರಯ್ಯ ಎಡಗೈಯಲ್ಲಿ ತಗಡು ಒತ್ತಿ ಹಿಡಿದ. ಬೋಲ್ಟ್ ಬಿಗಿದ ಮೇಲೆ ಒಂದು ಜಲ್ಲೆ ತೂರಿಸಿ ನೋಡಿ, ಕಲ್ಲಿನ ಬಳಿ ಬಂದು ಲೋಟ ಎತ್ತಿದ.

"ಅದ್ಬೇಡ, ನೊಣ ಕೂತದೆ," ಎಂದು ಪುಟ್ಟರಾಜು ಮೋಟಾರು ಆನ್ ಮಾಡಿ ಹೊಸ ಹಾಲು ಹಿಡಿದು ಕೊಟ್ಟ. ಸುಮ್ಮನಿರಲಾರದೆ, "ನಾನೇನು ನಿನ್ ದೇವ್ರನ್ನ ನಂಬಕಿಲ್ಲ ಕಣ್ಲಾ," ಅಂದ.

"ನಿಮ್ ದೇವ್ರು ನಿಮ್ಗಿರ್ಲಿ ಅಣ್ಣ. ಸಾಕಮ್ಮನ ಕೈ ಸಾಕಮ್ಮಂಗಿರ್ಲಿ."

ನಿಂಬೆಹಣ್ಣು ಈಗಲೂ ಗಾಣದ ಮೇಲಿದೆ, ಅದರ ಕೆಳಗೆ ಜವರಯ್ಯನ ತಗಡಿದೆ. ಇದರಿಂದ ಯಾವ ದೇವರಿಗೆ ಬೇಸರವಾದೀತು, ಹೇಳಿ?