ಬೊಟ್ಟಿಟ್ಟ ಸಿಡಿ

ಟಿವಿಯ ಹಿಂಬದಿಯಲ್ಲಿ ಏನೇನಿದೆ ಎಂದು ಇಷ್ಟು ವರ್ಷ ನಾನು ಬಗ್ಗಿ ನೋಡಿದವಳಲ್ಲ. ಮೊನ್ನೆ ಮಧುಗಿರಿಯ ನಮ್ಮ ಮನೆಯ ಗೋಡೆಗೆ ಕೆನ್ನೆ ಒತ್ತಿಕೊಂಡು, ಮೊಬೈಲ್ ಟಾರ್ಚ್ ಹಿಡಿದು, ಅಲ್ಲಿನ ತೂತುಗಳನ್ನು ಒಂದೊಂದಾಗಿ ಹುಡುಕುವಂತಾಯಿತು. ಕಾರಣ, ತೋವಿನಕೆರೆಯಿಂದ ಬಂದ ಅಕ್ಕನ ಫೋನು.

ಅಕ್ಕನ ಮಗಳ ಮದುವೆಗೆ ಹದಿನೈದು ದಿನ ಉಳಿದಿತ್ತು. ಹೆಣ್ಣನ್ನು ಹಸೆಮಣೆಗೆ ಕರೆಯುವಾಗ ನಮ್ಮ ಮನೆತನದಲ್ಲಿ ಒಂದು ಸೋಬಾನೆ ಹಾಡಬೇಕು. ಹಾಡುತ್ತಿದ್ದವಳು ಅಮ್ಮ. ಅವಳು ಹೋಗಿ ನಾಲ್ಕು ವರ್ಷವಾಯಿತು, ಈಗ ಆ ಕೆಲಸ ಅಕ್ಕನ ತಲೆಗೆ ಬಂದಿತ್ತು.

“ಅರ್ಧಕ್ಕೆ ನಿಂತೋಯ್ತದೆ ಕಣೆ. ದೀಪ ಹಚ್ಚೋ ಸಾಲಿನಗಂಟ ಸಲೀಸು, ಆಮೇಲೆ ಒಂದಕ್ಷರಾನೂ ನೆಪ್ಪಾಗಲ್ಲ. ಬೀಗರ ಮುಂದೆ ಪಿಳಿಪಿಳಿ ಅಂತ ನಿಂತ್ಕಂಡ್ರೆ ಹೆಂಗೆ? ನಿನ್ ಮದ್ವೆ ಸಿಡೀಲಿ ಅಮ್ಮನ ಹಾಡೈತಲ್ಲ, ಹಾಕಿ ನೋಡೇ,” ಎಂದಳು. ಅಮ್ಮನ ಹಾಡನ್ನು ತಾನೇ ಕಳೆದುಬಿಟ್ಟೆ ಎಂಬ ಭಯ ಅವಳಿಗೆ. ನನಗೂ ಅದೇ ಭಯ.

ಅಟ್ಟದ ಮೇಲೆ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಡಿವಿಡಿ ಪ್ಲೇಯರನ್ನು ಇಳಿಸಿದೆ. ಅದರ ಮೂರು ವೈರುಗಳನ್ನು ಕಂಡೊಡನೆ ಅಮ್ಮ ನೆನಪಾದಳು. ಹಳದಿ, ಕೆಂಪು, ಬಿಳಿ. ಪ್ಲೇಯರ್ ಮನೆಗೆ ಬಂದ ದಿನ ನಾನೂ ನನ್ನ ಗಂಡನೂ ಜೊತೆಗೆ ಬಂದ ಪುಸ್ತಕ ಓದಿಕೊಂಡು ಜಗಳವಾಡುತ್ತಿದ್ದಾಗ ಅವಳು ಬಂದು, “ಇದ್ರಲ್ಲೇನ್ ಓದೋದೈತೆ? ಅರಿಸಿನಕ್ಕೆ ಅರಿಸಿನ, ಕುಂಕುಮಕ್ಕೆ ಕುಂಕುಮ, ವಿಬೂತಿಗೆ ವಿಬೂತಿ,” ಎನ್ನುತ್ತಾ ಮೂರನ್ನೂ ಚುಚ್ಚಿಬಿಟ್ಟಿದ್ದಳು. ಚಿತ್ರವೂ ಬಂದಿತ್ತು. ಈ ಸಲ ನಾನೂ ಅದನ್ನೇ ಹೇಳಿಕೊಂಡು ಚುಚ್ಚಿದೆ. ನೀಲಿ ಪರದೆ ಬಂತು.

ಮದುವೆ ಸಿಡಿಯ ಹೊಳೆಯುವ ಕಡೆಯಲ್ಲಿ ಕುಂಕುಮದ ಬೊಟ್ಟುಗಳಿದ್ದವು. ಬೊಟ್ಟು ಮೇಲೆ ಬರುವಂತೆ ಹಾಕಿದೆ. ಪ್ಲೇಯರ್ ಗರಗರ ತಿರುಗಿ ‘ನೋ ಡಿಸ್ಕ್’ ಎಂದಿತು. ಮಗುಚಿ ಹಾಕಿದೆ. ಮತ್ತೆ ಗರಗರ, ಮತ್ತೆ ಅದೇ ಮಾತು.

“ಕಣ್ಮುಂದೆ ಇರೋದನ್ನೇ ಇಲ್ಲ ಅಂತದಲ್ಲೇ, ಥೇಟ್ ನಿನ್ನಂಗೆ,” ಎಂದ ನನ್ನ ಗಂಡ. ನನಗೆ ಮೈ ಉರಿಯಿತು. ಹಳೇ ಭಕ್ತಿಗೀತೆಯ ಸಿಡಿಯೊಂದನ್ನು ಹಾಕಿದರೆ ಅದು ಸೊಗಸಾಗಿ ಹಾಡಿತು. ಅಂದರೆ ಪ್ಲೇಯರಿನಲ್ಲಿ ತಪ್ಪಿಲ್ಲ.

ಪ್ಲೇಯರ್ ಕೊಂಡಿದ್ದು ಶಿರಾದ ಅಂಗಡಿಯೊಂದರಲ್ಲಿ. ಮರುದಿನವೇ ಸಿಡಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅಂಗಡಿಯ ಸಾಹೇಬರು ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಸಿಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು.

“ಅರೆ, ಇದಕ್ಕೂ ಆಯುಧಪೂಜೆ ಮಾಡಿದ್ರಾ ಅಮ್ಮಾ?”

“ಮಾಡ್ದೆ ಇರ್ತೀವಾ?” ಎಂದೆ.

ಮಾಡುತ್ತಿದ್ದವಳು ಅಮ್ಮನೇ. ಹಬ್ಬದ ದಿನ ನಮ್ಮ ಮನೆಗೆ ಬಂದು ಮಿಕ್ಸಿ, ಫ್ರಿಜ್ಜು, ಸ್ಕೂಟರು, ಈಳಿಗೆ ಮಣೆ, ಯಾವುದನ್ನೂ ಅವಳು ಬಿಟ್ಟವಳಲ್ಲ. ಮಗಳ ಮದುವೆ ಸಿಡಿಗೆ ಅರಿಶಿನ ತೇಯ್ದು, ಕುಂಕುಮ ಕಲಸಿ, ವರ್ಷಕ್ಕೊಂದು ಬೊಟ್ಟು. “ಹೊಳೆಯೋ ಕಡೆ ಮುಖ, ಅಕ್ಷರ ಇರೋ ಕಡೆ ಬೆನ್ನು. ಬೆನ್ನಿಗೆ ಯಾರಾದ್ರೂ ಬೊಟ್ಟಿಡ್ತಾರಾ?” ಎಂಬುದು ಅವಳ ವಾದ. ನಾನೂ ಹಾಗೆಂದೇ ನಂಬಿದ್ದೆ. ಬೊಟ್ಟಿಲ್ಲದ ಯಂತ್ರವೇ ನಮ್ಮ ಮನೆಯಲ್ಲಿಲ್ಲದ ಮೇಲೆ ಇದರ ಮೇಲೆ ಅನುಮಾನ ಬರುವುದಾದರೂ ಹೇಗೆ?

“ಹಬ್ಬ ಆದ್ಮೇಲೆ ನಮ್ಮಂಗ್ಡಿಗೆ ಇಂಥವೇ ಬರ್ತಿದ್ವು,” ಎಂದು ಸಾಹೇಬರು ನಕ್ಕರು. “ಬೆಳಕು ಕೆಳಗಿಂದ ಈ ಹೊಳೆಯೋ ಕಡೇನೇ ಓದೋದು. ಮಧ್ಯದಿಂದ ಶುರುವಾಗಿ ಅಂಚಿಗೆ ಹೋಗ್ತದೆ. ಬೊಟ್ಟು ಅಡ್ಡ ಬಂದ್ರೆ ನಿಂತ್ಬುಡ್ತದೆ.”

ಮಧ್ಯದಿಂದ! ಗ್ರಾಮಫೋನ್ ತಟ್ಟೆಯ ಹಾಗೆ ಅಂಚಿನಿಂದ ಒಳಗೆ ಬರುತ್ತದೆಂದು ನಾನು ತಿಳಿದಿದ್ದೆ. ಹಾಗಾದರೆ ಚಪ್ಪರ ಕಟ್ಟಿದ್ದು ನಡುತೂತಿನ ಪಕ್ಕದಲ್ಲೇ? ಹಸೆ ಎಲ್ಲಿ? ಧಾರೆ ಎಲ್ಲಿ? ಊಟದ ಪಂಕ್ತಿ ಎಷ್ಟು ದೂರ? ನಾನು ಕೇಳಿದ ಪ್ರಶ್ನೆಗಳಿಗೆ ಸುಸ್ತಾಗಿ ಅವರು ಟೀ ತರಿಸಿದರು. ಒದ್ದೆ ಮೆತ್ತನೆ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ಉಜ್ಜಬಾರದು ಎಂದು ತೋರಿಸಿಕೊಟ್ಟು, “ನಾನೇ ಒರೆಸ್ಲಾ?” ಎಂದರು. ಬೇಡ ಎಂದೆ. ಯಾಕೆಂದು ಆಗ ನನಗೇ ಗೊತ್ತಿರಲಿಲ್ಲ.

ಭಾನುವಾರ ಅಕ್ಕ ಬಂದಳು. ಕಿಟಕಿಯ ಬಳಿ ಕೂತು ಇಬ್ಬರೂ ಸಿಡಿ ನೋಡಿದೆವು. ಏಳು ಬೊಟ್ಟು. ಒಣಗಿದ ಅರಿಶಿನದಲ್ಲಿ ಅಮ್ಮನ ಬೆರಳಿನ ಗೆರೆಗಳು ಹಾಗೇ ಇದ್ದವು. ಅವಳ ದನಿ ಬೇಕಾದರೆ ಅವಳ ಬೆರಳನ್ನು ಅಳಿಸಬೇಕು. ನನಗೆ ಅಳು ಬಂತು, ಅತ್ತುಬಿಟ್ಟೆ.

“ಹಾಡು ಮುಖ್ಯ ಕಣೆ, ಒರೆಸು,” ಎಂದಳು ಅಕ್ಕ, ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತಾ.

ಆರು ಬೊಟ್ಟು ಒರೆಸಿದೆ. ಏಳನೆಯದು ತೀರಾ ಅಂಚಿನಲ್ಲಿತ್ತು. ಅಲ್ಲಿರುವುದು ಮದುವೆಯ ಕೊನೆ, ಅಮ್ಮ ನನ್ನನ್ನು ಅತ್ತೆಯ ಕೈಗೆ ಒಪ್ಪಿಸುವುದು. ಅದು ನನಗೆ ಸಿಡಿ ಇಲ್ಲದೆಯೂ ನೆನಪಿದೆ. ಆ ಬೊಟ್ಟನ್ನು ಹಾಗೇ ಬಿಟ್ಟೆ.

ಈ ಸಲ ಪ್ಲೇಯರ್ ಇಲ್ಲ ಎನ್ನಲಿಲ್ಲ. ಚಪ್ಪರ ಬಂತು, ಓಲಗ ಬಂತು, ಕನಕಾಂಬರ ಮುಡಿದ ಅಮ್ಮ ಬಂದಳು, ಹಾಡು ಶುರುಮಾಡಿದಳು. ಅಕ್ಕ ಪೆನ್ನು ಹಿಡಿದು ತಯಾರಾಗಿ ಕೂತಿದ್ದಳು. ದೀಪ ಹಚ್ಚುವ ಸಾಲು ಬಂತು. ಅಮ್ಮ ನಿಂತಳು.

ಸಿಡಿ ಮತ್ತೆ ಕೆಟ್ಟಿತೆಂದುಕೊಂಡೆ. ಆದರೆ ಹಿಂದೆ ನಿಂತವರು ಅಲುಗಾಡುತ್ತಲೇ ಇದ್ದರು. ಮರೆತಿದ್ದವಳು ಅಮ್ಮ. ಒಂದು ಕ್ಷಣ ಅತ್ತಿತ್ತ ನೋಡಿ, ಸೆರಗಿನಿಂದ ಮೂತಿ ಒರೆಸಿಕೊಂಡು, ಅದೇ ಧಾಟಿಯಲ್ಲಿ ವಿಡಿಯೋದವನ ಬೆವರನ್ನೂ ಮದುಮಗನ ದೊಗಳೆ ಕೋಟನ್ನೂ ಹಾಡಿ ಮುಗಿಸಿಬಿಟ್ಟಳು. ಸುತ್ತಲಿದ್ದವರೆಲ್ಲ ನಗುತ್ತಿದ್ದರು.

“ಅಯ್ಯೋ, ಇವ್ಳಿಗೂ ಬರ್ತಿರ್ಲಿಲ್ಲ ಕಣೇ!” ಎಂದು ಅಕ್ಕ ನನ್ನ ತೊಡೆಗೆ ಹೊಡೆದಳು. ಮೂರು ಸಲ ಹಿಂದಕ್ಕೆ ತಂದು ನೋಡಿದೆವು. ಆ ಹಾಡಿಗೆ ಉಳಿದರ್ಧ ಎಂದಾದರೂ ಇತ್ತೋ, ಅಜ್ಜಿಯೂ ಅಲ್ಲೇ ನಿಲ್ಲುತ್ತಿದ್ದಳೋ, ನನಗೆ ಈಗಲೂ ಕುತೂಹಲ.

ಮದುವೆಯ ದಿನ ಅಕ್ಕ ದೀಪದ ಸಾಲಿನವರೆಗೆ ಹಾಡಿ ನಿಂತಳು. ಈ ಬಾರಿ ಹೆದರಲಿಲ್ಲ. ಜನರ ನಡುವೆ ನನ್ನನ್ನು ಹುಡುಕಿ, ನೋಡುತ್ತಲೇ, ಬೊಟ್ಟಿಟ್ಟ ಸಿಡಿ ಹಿಡಿದು ಶಿರಾಕ್ಕೆ ಓಡಿದ ತಂಗಿಯೊಬ್ಬಳನ್ನು ಹಾಡಿಗೆ ಎಳೆದು ತಂದಳು. ಬೀಗರಿಗೆ ಏನೂ ಅರ್ಥವಾಗಲಿಲ್ಲ. ಹೆಂಗಸರು ‘ಸೋಬಾನೆ’ ಎಂದು ದನಿಗೂಡಿಸಿದರು, ನಾನೂ ಅಳುತ್ತಲೇ ದನಿಗೂಡಿಸಿದೆ.